ಕಾಲಿಗೆ ಬುದ್ಧಿ ಹೇಳುವುದು

ಮನುಷ್ಯನು ತನ್ನ ಅವಯವಗಳಲ್ಲಿಯೇ ಪಂಕ್ತಿಭೇದ ಮಾಡುತ್ತಾನೆಂಬುದಕ್ಕೆ ಅವನ ಪಾದವೇ ಸಾಕ್ಷಿ. ಮುಖಕ್ಕೆ ಕನ್ನಡಿಯುಂಟು, ತಲೆಗೆ ಎಣ್ಣೆಯುಂಟು, ಕೈಬೆರಳಿಗೆ ಉಂಗುರವುಂಟು. ದೇವರ ಪಾದಕ್ಕೆ ಹೂವು, ಗುರುವಿನ ಪಾದಕ್ಕೆ ಪ್ರಣಾಮ. ತನ್ನ ಪಾದಕ್ಕೆ ಮಾತ್ರ ಊರಿನ ಧೂಳು. ಸೃಷ್ಟಿಕರ್ತನಿಗೆ ಈ ತಾತ್ಸಾರವಿದ್ದಂತೆ ಕಾಣದು. ಒಂದೊಂದು ಪಾದದಲ್ಲಿಯೂ 26 ಎಲುಬುಗಳನ್ನೂ 33 ಕೀಲುಗಳನ್ನೂ ಅವನು ಜೋಡಿಸಿದ್ದಾನೆ. ವಯಸ್ಕರ ದೇಹದ 206 ಎಲುಬುಗಳಲ್ಲಿ 52 ಎರಡು ಪಾದಗಳಿಗೇ ಸಂದಿವೆ. ಅಸ್ಥಿಸಂಪತ್ತಿನ ಕಾಲು ಪಾಲು ಕಾಲಿನ ಪಾಲಿಗೇ ಬಂದಿದೆಯೆಂಬುದು ಬರಿಯ ಶ್ಲೇಷೆಯಲ್ಲ, ಲೆಕ್ಕ.

ಇಷ್ಟು ಕೀಲುಗಳಿರುವಲ್ಲಿ ಒಂದೆರಡು ಮುನಿಸಿಕೊಳ್ಳುವುದು ಆಶ್ಚರ್ಯವಲ್ಲ. ಎಲುಬಿನ ತುದಿಗಳಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿ ವರುಷಗಳ ನಡಿಗೆಯಲ್ಲಿ ಸವೆಯುತ್ತದೆ; ಇಲ್ಲವೆ ಸಂಧಿವಾತದಿಂದ ಕೀಲಿನ ಒಳಪೊರೆ ಬಾತುಕೊಳ್ಳುತ್ತದೆ. ಹೆಬ್ಬೆರಳಿನ ಬುಡದಲ್ಲಿಯೋ ಪಾದದ ನಡುವಿನ ಕಮಾನಿನಲ್ಲಿಯೋ ನೋವು ಮನೆ ಮಾಡುತ್ತದೆ. ಬೆಳಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯೇ ದಿನಭವಿಷ್ಯವನ್ನು ನುಡಿಯುತ್ತದೆ. ಬಿಸಿನೀರು, ಉಪ್ಪು, ಎಣ್ಣೆ, ನೆರೆಮನೆಯವರ ಲೇಪ, ಔಷಧದಂಗಡಿಯ ಗುಳಿಗೆ ಎಲ್ಲವೂ ಸರದಿಯಂತೆ ಬಂದು ಹೋದ ಮೇಲೆ ಒಂದು ದಿನ ವೈದ್ಯರು ಶಾಂತವಾಗಿ ನುಡಿಯುತ್ತಾರೆ: “ಕೀಲಿನೊಳಕ್ಕೇ ಒಂದು ಇಂಜೆಕ್ಷನ್ ಕೊಟ್ಟು ನೋಡೋಣ.”

ಕನ್ನಡದಲ್ಲಿ ಓಡಿಹೋಗುವುದಕ್ಕೆ ‘ಕಾಲಿಗೆ ಬುದ್ಧಿ ಹೇಳುವುದು’ ಎಂಬ ಸೊಗಸಾದ ಮಾತಿದೆ. ಪಾದದ ಸಂಧಿವಾತದವರ ದೌರ್ಭಾಗ್ಯವೆಂದರೆ, ಬುದ್ಧಿ ಹೇಳಬೇಕೆಂದು ತೀವ್ರವಾಗಿ ಅನ್ನಿಸುವ ಆ ಗಳಿಗೆಯಲ್ಲಿಯೇ ಕಾಲು ಅದನ್ನು ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಈ ಮದ್ದಿನ ಇತಿಹಾಸ ಬಹಳ ಹಳೆಯದೇನೂ ಅಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ನೆಲ ಹಿಡಿದಿದ್ದ ಮಹಿಳೆಯೊಬ್ಬಳಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ಔಷಧವನ್ನು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ದೇಹದಾದ್ಯಂತ ಹರಿಯುವ ಆ ಮದ್ದು ಬಹುಕಾಲ ನಡೆದರೆ ತರುವ ತೊಂದರೆಗಳೂ ಬೇಗನೆ ಬಯಲಾದವು. 1951ರಲ್ಲಿ ಜೋಸೆಫ್ ಹಾಲೆಂಡರ್ ಮತ್ತು ಅವರ ಸಂಗಡಿಗರು ಅದರ ಸೋದರಸಂಬಂಧಿಯಾದ ಹೈಡ್ರೋಕಾರ್ಟಿಸೋನನ್ನು ನೊಂದ ಕೀಲಿನೊಳಕ್ಕೇ ಸೇರಿಸಿದ ಫಲವನ್ನು ಪ್ರಕಟಿಸಿದರು. ಕಳ್ಳನೊಬ್ಬನಿಗಾಗಿ ಊರನ್ನೆಲ್ಲ ಜಾಲಾಡುವ ಬದಲು ಅವನ ಮನೆಯ ಬಾಗಿಲನ್ನೇ ತಟ್ಟುವ ಉಪಾಯವದು. ಇಂದು ಕೊಡುವ ಸ್ಟೀರಾಯ್ಡ್‌ಗಳು ಆ ವಂಶದವೇ.

ಬಾಗಿಲು ದೊಡ್ಡದಾಗಿದ್ದರೆ ಚಿಂತೆಯಿರಲಿಲ್ಲ. ಮಂಡಿಯ ಕೀಲು ನಡುಮನೆಯಂತೆ ವಿಶಾಲ. ಪಾದದ ಕೀಲು ದೇವರ ಗೂಡಿನಷ್ಟು ಇಕ್ಕಟ್ಟು. ಸವೆದ ಎಲುಬುಗಳ ನಡುವೆ ಸೂಜಿ ದಾರಿ ಹುಡುಕಬೇಕು. ಅಷ್ಟು ಕಿರಿದಾದ ಸ್ಥಳದಲ್ಲಿ ದ್ರವ ತುಂಬಿದಾಗ ಒಳಗಿನಿಂದ ಒತ್ತಡವೇಳುತ್ತದೆ. ಜೋಮು ಹಿಡಿಸುವ ಮದ್ದು ಕೂಡ ಮೊದಲಿಗೆ ಉರಿಯನ್ನೇ ತರುತ್ತದೆ. ಅನೇಕ ವೈದ್ಯರು ಅಲ್ಟ್ರಾಸೌಂಡಿನ ಪರದೆಯನ್ನೋ ಎಕ್ಸ್‌ರೇಯನ್ನೋ ನೋಡುತ್ತ ಸೂಜಿಯನ್ನು ನಡೆಸುವುದರಿಂದ ತಡಕಾಟ ಕಡಿಮೆಯಾಗುತ್ತದೆ. ನೋವು ಆಗುವುದೆ ಎಂದರೆ, ಹಲವರಿಗೆ ಆಗುತ್ತದೆ. ಇರುವೆ ಕಚ್ಚಿದಂತೆ ಎಂದು ಸಮಾಧಾನ ಹೇಳುವವರು ಬಹುಶಃ ಇರುವೆಯನ್ನೇ ಸರಿಯಾಗಿ ನೋಡಿದವರಲ್ಲ.

ಆದರೆ ಸೂಜಿಯ ನೋವು ಸಾಮಾನ್ಯವಾಗಿ ಒಂದೆರಡು ನಿಮಿಷದ್ದು. ಅದರ ನಿರೀಕ್ಷೆಯ ನೋವು ಒಂದು ವಾರದ್ದು. ಹಿಂದಿನ ರಾತ್ರಿ ಸೂಜಿ ಮೊಳದುದ್ದ ಬೆಳೆಯುತ್ತದೆ. ವಿರಾಟನ ಮಗ ಉತ್ತರನು ಅಂತಃಪುರದಲ್ಲಿ ಕೌರವಸೇನೆಯನ್ನು ತೃಣಕ್ಕೆ ಸಮಾನವೆಂದು ಎಣಿಸಿದವನು. ರಣರಂಗದಲ್ಲಿ ಅದನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದನು. ನಗಬೇಕಾದವರು ಚಿಕಿತ್ಸಾಲಯದ ಬೆಂಚಿನ ಮೇಲೆ ಒಮ್ಮೆ ಕುಳಿತು ಬಂದು ನಗಲಿ. ಉತ್ತರನನ್ನು ಉಳಿಸಿದುದು ಅವನ ಪೌರುಷವಲ್ಲ. ಬೆನ್ನಟ್ಟಿ ಹಿಡಿದು, ಧೈರ್ಯ ಹೇಳಿ, ಮತ್ತೆ ರಥವೇರಿಸಿದ ಬೃಹನ್ನಳೆ. ರೋಗಿಗೂ ಅಂತಹ ಒಬ್ಬರು ಬೇಕು. ಜೊತೆಗೆ ಬಂದ ಮಗಳಾಗಲಿ, ಗಂಡನಾಗಲಿ ಆ ಒಂದೆರಡು ನಿಮಿಷ ಕೈ ಹಿಡಿದುಕೊಂಡು ಬೇರೇನನ್ನೋ ಮಾತನಾಡಿದರೆ, ಅದು ಚಿಕಿತ್ಸೆಯ ಅರ್ಧ. ಉಳಿದರ್ಧದಲ್ಲಿ ಮುಕ್ಕಾಲು ಪಾಲು ತಿಳಿವಳಿಕೆ: ಯಾವುದು ಮೊದಲು, ಯಾವುದು ಬಳಿಕ, ಎಷ್ಟು ಹೊತ್ತು ಎಂಬುದನ್ನು ಮುಂಚೆಯೇ ಕೇಳಿ ತಿಳಿದವರಿಗೆ ಕತ್ತಲೆಯಲ್ಲಿ ಹಾವಾಗಿದ್ದುದು ಬೆಳಕಿನಲ್ಲಿ ಹಗ್ಗವಾಗದಿದ್ದರೂ ಕೇರೆಹಾವಾದರೂ ಆಗುತ್ತದೆ. ಮಲಗಿಕೊಂಡಿರುವುದು, ಸೂಜಿ ಒಳಸೇರುವಾಗ ಉಸಿರನ್ನು ಬಿಗಿಹಿಡಿಯದೆ ನೀಳವಾಗಿ ಬಿಡುವುದು ಇವೂ ಸಹಾಯಕ.

ಎಲ್ಲಕ್ಕಿಂತ ಮುಖ್ಯವಾದುದು ನೋವನ್ನು ನೋವೆಂದು ಹೇಳುವುದು. ನಮ್ಮ ಮನೆಗಳಲ್ಲಿ ಸಹನೆಯೇ ಭೂಷಣ. ನಸುಕಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಂತೇ ಇರುವ ಗೃಹಿಣಿಯನ್ನು “ಕಾಲು ಹೇಗಿದೆ?” ಎಂದು ಕೇಳಿದರೆ “ಏನೂ ಇಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಕೆ ವೈದ್ಯರ ಮುಂದೆಯೂ ಅದನ್ನೇ ಹೇಳಿ, ಮೇಜಿನ ಅಂಚನ್ನು ಹಿಡಿದು ಹಲ್ಲು ಕಚ್ಚುತ್ತಾಳೆ. ಪರಶುರಾಮನ ನಿದ್ರೆಗೆ ಭಂಗ ಬಾರದಿರಲೆಂದು ತೊಡೆಯನ್ನು ಹುಳು ಕೊರೆದರೂ ಕರ್ಣನು ಅಲುಗಲಿಲ್ಲ. ಆ ಅಸಾಧಾರಣ ಸಹನೆಗೆ ಅವನು ಪಡೆದ ವರವೇನು? ಶಾಪ! ಅನ್ಯರ ನೆಮ್ಮದಿಗಾಗಿ ನೋವನ್ನು ನುಂಗುವವರಿಗೆ ಲೋಕ ಯಾವಾಗಲೂ ಬಹುಮಾನ ಕೊಡುವುದಿಲ್ಲ. “ಸ್ವಲ್ಪ ನಿಲ್ಲಿಸಿ” ಎಂದರೆ ವೈದ್ಯರು ನಿಲ್ಲಿಸಬಲ್ಲರು. ಚರ್ಮವನ್ನು ತಣ್ಣಗೆ ಮರಗಟ್ಟಿಸುವ ಸಿಂಪಡಿಕೆಯುಂಟು. ಜೋಮಿನ ಮದ್ದು ಹತ್ತಲು ಇನ್ನಷ್ಟು ಹೊತ್ತು ಕಾಯಬಹುದು. ಬಾಯಿ ಬಿಡದವರಿಗೆ ಇವಾವುವೂ ದೊರೆಯವು. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಗುಳಿಗೆ, ಎಲ್ಲಿಯಾದರೂ ಇರುವ ಕೀವು, ಹಿಂದೆ ಒಗ್ಗದಿದ್ದ ಔಷಧ ಇವನ್ನು ಮೊದಲೇ ಹೇಳಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ಈ ಮದ್ದು ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಮನೆಗೆ ಬಂದ ಮೇಲೆ ಎರಡು ಮೋಸಗಳಿವೆ. ಜೋಮಿನ ಮದ್ದಿನ ಪ್ರಭಾವದಲ್ಲಿ ಮೊದಲ ಕೆಲವು ಗಂಟೆ ಕಾಲು ಹೂವಾಗಿರುತ್ತದೆ; ಗುಣವಾಯಿತೆಂದು ಸಂಭ್ರಮಿಸಿ ಮಾರುಕಟ್ಟೆಗೆ ಹೊರಟವರುಂಟು. ಅದು ಇಳಿದ ಮೇಲೆ ಕೆಲವರಲ್ಲಿ ಒಂದೆರಡು ದಿನ ನೋವು ಮೊದಲಿಗಿಂತ ಹೆಚ್ಚುತ್ತದೆ. ಆಗ ಕೆಟ್ಟೆವೆಂದು ಕಂಗೆಡುವವರೂ ಅವರೇ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ವಿಶ್ರಾಂತಿ, ವೈದ್ಯರು ಹೇಳಿದ ಗುಳಿಗೆ ಇಷ್ಟರಿಂದ ಅದು ಇಳಿಯಬೇಕು. ಇಳಿಯದೆ ಏರುತ್ತ ಹೋದರೆ, ಜ್ವರ ಬಂದರೆ, ಕೀಲು ಕೆಂಪಾಗಿ ಬಿಸಿಯಾದರೆ, ಕೀವಾಗಿರುವ ಸಂಭವ ಅಪರೂಪವಾದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಅಲ್ಲಿ ಸಹನೆ ಅಪಾಯ. ಚುಚ್ಚಿದೆಡೆಯಲ್ಲಿ ಚರ್ಮ ಬಿಳಿಚಿಕೊಳ್ಳುವುದೂ ಉಂಟು.

ನಿಜವಾದ ನೆಮ್ಮದಿ ಬರುವುದು ಕೆಲವು ದಿನಗಳ ಬಳಿಕ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಕೆಲವರಿಗೆ ಏನೂ ಇಲ್ಲ. ಸವೆದ ಮೃದ್ವಸ್ಥಿಯನ್ನು ಈ ಮದ್ದು ಮತ್ತೆ ಬೆಳೆಸದು. ಪದೇ ಪದೇ ಕೊಟ್ಟರೆ ಅದಕ್ಕೇ ಹಾನಿಯಾದೀತೆಂಬ ಭಯವೂ ಇದೆ. ಆದುದರಿಂದ ಒಂದೇ ಕೀಲಿಗೆ ಸುಮಾರು ಮೂರು ತಿಂಗಳಾದರೂ ಬಿಡುವು ಕೊಡುವುದು ವಾಡಿಕೆ. ಅಂದಮೇಲೆ ಇದು ಗಳಿಕೆಯಲ್ಲ, ಸಾಲ. ಸಾಲದ ಹಣದಲ್ಲಿ ಮದುವೆಯೂಟ ಹಾಕಿಸುವವರಂತೆ, ನೋವು ಅಡಗಿದೊಡನೆ ಗೃಹಿಣಿ ಬಾಕಿಯಿದ್ದ ಕೆಲಸಗಳನ್ನೆಲ್ಲ ಒಂದೇ ವಾರದಲ್ಲಿ ತೀರಿಸಹೊರಡುತ್ತಾಳೆ. ಹಪ್ಪಳ, ಸಂಡಿಗೆ, ಅಟ್ಟದ ಧೂಳು! ಕಾಲು ಸುಮ್ಮನಿದೆ, ಸಮ್ಮತಿಸಿಲ್ಲವೆಂಬುದು ಆಕೆಗೆ ಹೊಳೆಯುವುದಿಲ್ಲ. ಮನೆಯವರಿಗೂ ಹೊಳೆಯುವುದಿಲ್ಲ, ಏಕೆಂದರೆ ಅಡಿಗೆ ಹೊತ್ತಿಗೆ ಸರಿಯಾಗಿ ಬರುತ್ತಿರುತ್ತದೆ.

ಸಾಲದ ಆ ಅವಧಿಯನ್ನು ಹೂಡಬೇಕಾದುದು ಬೇರೆ ಕಡೆ: ಬೆರಳನ್ನು ಹಿಸುಕದ ಅಗಲವಾದ, ಸುಲಭವಾಗಿ ಬಾಗದ ಅಟ್ಟೆಯ ಪಾದರಕ್ಷೆಯಲ್ಲಿ, ವೈದ್ಯರು ಕಲಿಸಿದ ವ್ಯಾಯಾಮದಲ್ಲಿ, ಭಾರ ಹೆಚ್ಚಿದ್ದರೆ ಅದನ್ನಿಳಿಸುವುದರಲ್ಲಿ, ಅಡಿಗೆಮನೆಗೊಂದು ಎತ್ತರದ ಸ್ಟೂಲು ತಂದು ಕುಳಿತು ತರಕಾರಿ ಹೆಚ್ಚುವುದರಲ್ಲಿ. ಆ ಸ್ಟೂಲನ್ನು ತರಬೇಕಾದವರು ಮನೆಯ ಉಳಿದವರು. ತಂದ ಮೇಲೆ ಅದರ ಮೇಲೆ ಆಕೆ ಕುಳಿತಾಗ “ಅಮ್ಮನಿಗೇನು, ಹಾಯಾಗಿ ಕುಳಿತಿದ್ದಾಳೆ” ಎನ್ನದಿರಬೇಕಾದವರೂ ಅವರೇ. ಸೂಜಿಯನ್ನು ಆಕೆಯ ಬದಲು ಬೇರೆ ಯಾರೂ ಚುಚ್ಚಿಸಿಕೊಳ್ಳಲಾರರು. ಆದರೆ ಆಕೆ ಇಡುವ ಹೆಜ್ಜೆಗಳಲ್ಲಿ ದಿನಕ್ಕೆ ನೂರನ್ನು ಮನೆಯವರು ತಾವು ಇಡಬಹುದು. ಬುದ್ಧಿ ಹೇಳಬೇಕಾದುದು ಕೇವಲ ನೋಯುವ ಕಾಲಿಗಲ್ಲ, ನೋಯದ ಕಾಲುಗಳಿಗೂ.