ಆ ನೀರು ಎಲ್ಲಿ ಹೋಗುತ್ತದೆ?

ಮಾರುತಿ 800 ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ಕಡೂರು, ತರೀಕೆರೆ, ಅಜ್ಜಂಪುರದ ಬೀದಿಗಳಲ್ಲಿ ಅದು ಇನ್ನೂ ಓಡುತ್ತಲೇ ಇದೆ. ಹೆಚ್ಚಿನವು ಮೂರನೆಯದೋ ನಾಲ್ಕನೆಯದೋ ಕೈಗೆ ಬಂದ ಗಾಡಿಗಳು. ಅಂಥದ್ದೊಂದನ್ನು ಕಡೂರಿನ ತೆಂಗಿನ ತೋಟದ ಯಜಮಾನರೊಬ್ಬರು ಕೊಂಡರು. ಬೆಳಿಗ್ಗೆ ಒಂದು ಲೀಟರ್ ನೀರು ಕುಡಿಸಿದರೆ ತರೀಕೆರೆಗೆ ಹೋಗಿಬರಬಹುದೆಂದು ಮಾರಿದವನೇ ಹೇಳಿದ್ದ. ಎಮ್ಮೆಗೆ ಹಿಂಡಿ ಇಟ್ಟಂತೆ ಅವರು ಅದನ್ನೂ ನಿತ್ಯದ ಕೆಲಸ ಮಾಡಿಕೊಂಡರು. ಪಿಯುಸಿ ಓದುವ ಮಗಳು ಮಾತ್ರ ಕೇಳಿದಳು: "ಅಪ್ಪಾ, ಆ ನೀರು ಎಲ್ಲಿ ಹೋಗುತ್ತೆ?"

ಅಪ್ಪ ನಕ್ಕು ಸುಮ್ಮನಾದರು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬೀರೂರು ದಾಟಿದ ಮೇಲೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಯಜಮಾನರು ಬಾನೆಟ್ ಎತ್ತಿ, ಟವೆಲ್ ಸುತ್ತಿದ ಕೈಯನ್ನು ರೇಡಿಯೇಟರ್ ಮುಚ್ಚಳಕ್ಕೆ ಹಾಕಿದರು. ಮಗಳು ಆ ಕೈ ಹಿಡಿದೆಳೆದಳು. ಹುಡುಗಿ ಮಾಡಿದ್ದೇ ಸರಿ. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ, ಕುಕ್ಕರಿನ ವೆಯ್ಟ್ ಇದ್ದಂತೆ. ಅದು ಒಳಗೆ ಒತ್ತಡ ಹಿಡಿದಿಡುವುದರಿಂದ ನೀರು 100 ಡಿಗ್ರಿಗೆ ಕುದಿಯದೆ 115 ದಾಟುವವರೆಗೂ ದ್ರವವಾಗಿಯೇ ಇರಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿಯುತ್ತದೆ, ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅಡುಗೆಮನೆಯಲ್ಲಿ ಕೂಗುವ ಕುಕ್ಕರನ್ನು ಯಾರೂ ತೆಗೆಯುವುದಿಲ್ಲ. ರಸ್ತೆಯಲ್ಲಿ ಆ ವಿವೇಕ ಎಲ್ಲಿ ಹೋಗುತ್ತದೋ! ಎಂಜಿನ್ ಪೂರ್ತಿ ಆರುವ ತನಕ ಇಬ್ಬರೂ ಮರದ ನೆರಳಲ್ಲಿ ಕೂತರು. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವ ಭಯವೂ ಉಂಟು.

ಸೋರಿಕೆ ಹುಡುಕುವುದು ಸಹನೆಯ ಕೆಲಸ. ರಾತ್ರಿ ಕಾರಿನಡಿ ರಟ್ಟು ಹಾಸಿ, ಹನಿ ಎಲ್ಲಿ ಬಿದ್ದಿದೆ ಎಂದು ಬೆಳಿಗ್ಗೆ ನೋಡುವುದು ಮೊದಲ ಹೆಜ್ಜೆ. ಆದರೆ ರಟ್ಟು ಒಣಗಿಯೇ ಇತ್ತು. ಹೋಸ್ ಪೈಪುಗಳನ್ನು ಹಿಸುಕಿ ನೋಡಿದರು, ಕ್ಲಿಪ್ ಬಿಗಿ ಮಾಡಿದರು, ಪ್ರಯೋಜನವಾಗಲಿಲ್ಲ. ಗೆಳೆಯರೊಬ್ಬರು ಅರಿಶಿನದ ಪುಡಿ ಹಾಕಿ ಎಂದರು. ಲಾರಿಯವರ ಹಳೆಯ ಉಪಾಯ ಅದು. ಸಣ್ಣ ತೂತನ್ನು ಮುಚ್ಚಿ ಊರು ಮುಟ್ಟಿಸೀತು, ಆದರೆ ರೇಡಿಯೇಟರಿನ ಕಿರಿದಾದ ಕೊಳವೆಗಳನ್ನೂ ಕಟ್ಟಿಸೀತು.

ಹೊರಗೆ ಹನಿ ಕಾಣದಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ ಹೋಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಜಿಡ್ಡು, ನಿಲ್ಲದ ಬಿಳಿ ಹೊಗೆ, ರೇಡಿಯೇಟರಿನಲ್ಲಿ ಗುಳ್ಳೆ, ಇವು ಅದರ ಲಕ್ಷಣ. ಪುಣ್ಯಕ್ಕೆ ಯಾವುದೂ ಇರಲಿಲ್ಲ. ಅಜ್ಜಂಪುರದ ಮೆಕ್ಯಾನಿಕ್ ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ ಒತ್ತಡ ಕೊಟ್ಟ. ಐದು ನಿಮಿಷದಲ್ಲಿ ವಾಟರ್ ಪಂಪಿನ ಅಡಿಯ ಸಣ್ಣ ತೂತಿನಿಂದ ಹನಿ ಇಳಿಯಿತು. ಒಳಗಿನ ಸೀಲ್ ಸವೆದರೆ ಸುಳಿವು ಕೊಡಲೆಂದೇ ತಯಾರಕರು ಬಿಟ್ಟ ತೂತು ಅದು. ನಿಂತ ಗಾಡಿಯಲ್ಲಿ ಒತ್ತಡವಿಲ್ಲ, ಹನಿಯೂ ಇಲ್ಲ. ಓಡುವಾಗ ಬಿದ್ದ ಹನಿ ಬಿಸಿಗೆ ಆವಿಯಾಗುತ್ತಿತ್ತು. ಮಗಳ ಪ್ರಶ್ನೆಗೆ ಉತ್ತರ ಸಿಕ್ಕಿತು.

ಪಂಪು ಬದಲಾಯಿತು. ಒಳಗಿನಿಂದ ಬಂದ ನೀರು ತುಕ್ಕಿನ ಬಣ್ಣದ್ದು. ಬೋರ್‌ವೆಲ್ಲಿನ ಗಡಸು ನೀರಿನ ಪ್ರಸಾದ. ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಕಡೂರಿನಲ್ಲಿ ಹಿಮ ಬೀಳುತ್ತದೆಯೇ, ಕೂಲಂಟ್ ಏಕೆ ಎಂದರು ಯಜಮಾನರು. ಕುದಿಯುವ ಬಿಂದು ಏರಿಸುವುದು, ತುಕ್ಕು ತಡೆಯುವುದು ಅದರದೇ ಕೆಲಸವೆಂದು ಮಗಳು ವಿವರಿಸಿದಳು. ಕೂಲಂಟಿಗೆ ಅಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿಸಿದರು.

ಉಳಿದ ಕೂಲಂಟ್ ಡಬ್ಬ ಕೊಟ್ಟಿಗೆಯಲ್ಲಿ ಇಡುವಂತಿಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನಾಯಿ, ಕರು, ಮಗು ಯಾವುದಕ್ಕೂ ಅದು ಗೊತ್ತಾಗುವುದಿಲ್ಲ. ಡಬ್ಬ ಈಗ ಬೀಗ ಹಾಕಿದ ಕಪಾಟಿನ ಮೇಲಿನ ಅರೆಯಲ್ಲಿದೆ, ಮೇಲೆ ಮಗಳ ಕೈಬರಹದಲ್ಲಿ ಕೆಂಪಕ್ಷರದ ಚೀಟಿ.