ಕಾಗದದಿಂದ ಕೈಫೋನಿನವರೆಗೆ

ನಾವು ಪುತ್ತೂರಿನ ಕಡೆಯವರು. 2004ರಲ್ಲಿ ಶಾರ್ಜಾಕ್ಕೆ ಬಂದಿಳಿದಾಗ ನಮ್ಮ ಬಳಿ ಎರಡು ಪೆಟ್ಟಿಗೆ, ಒಂದು ಡಬ್ಬ ಮಾವಿನ ಮಿಡಿ ಉಪ್ಪಿನಕಾಯಿ ಮತ್ತು ಊರಿನವರ ವಿಳಾಸಗಳನ್ನು ಬರೆದ ಒಂದು ಸಣ್ಣ ಪುಸ್ತಕ ಇದ್ದವು. ಇಲ್ಲಿ ಅಂಚೆಯವರು ಮನೆ ಬಾಗಿಲಿಗೆ ಬರುವುದಿಲ್ಲ, ಕಾಗದ ಬರುವುದು ಪೋಸ್ಟ್ ಬಾಕ್ಸಿಗೆ. ಹಾಗಾಗಿ ಅಜ್ಜನ ಕಾಗದಗಳು ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು, ಆಫೀಸಿನ ಮೇಜಿನಿಂದ ನಮ್ಮ ಮನೆಗೆ ತಲುಪುತ್ತಿದ್ದವು. ಅಡಿಕೆಗೆ ಕೊಳೆರೋಗ ಬಂದದ್ದು, ಕಪಿಲೆ ಕರು ಹಾಕಿದ್ದು, ಪಕ್ಕದ ಮನೆಯ ಮದುವೆ, ಎಲ್ಲವೂ ಎರಡು ವಾರ ಹಳೆಯ ಸುದ್ದಿ. ಆದರೂ ಅದನ್ನು ನಾವು ಹೊಸ ಸುದ್ದಿಯಂತೆ ಮತ್ತೆ ಮತ್ತೆ ಓದುತ್ತಿದ್ದೆವು. ಫೋನಿಗೆ ಕಾರ್ಡು ಗೀಚಬೇಕಿತ್ತು. ಶುಕ್ರವಾರ ಬೆಳಿಗ್ಗೆ ಹತ್ತು ನಿಮಿಷ ಮಾತು. ಅದರಲ್ಲಿ ಅರ್ಧ ಸಮಯ "ಕೇಳ್ತದಾ? ಕೇಳ್ತದಾ?" ಎನ್ನುವುದರಲ್ಲೇ ಮುಗಿಯುತ್ತಿತ್ತು.

ಇಂದು ಅದೇ ಅಜ್ಜಿ ಬೆಳಿಗ್ಗೆ ದೋಸೆ ಹುಯ್ಯುವಾಗ ನಮ್ಮ ಮಕ್ಕಳು ಇಲ್ಲಿ ಹಲ್ಲುಜ್ಜುತ್ತಾ ಅವರನ್ನು ನೋಡುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಎಷ್ಟು ದೂರ ಬಂದೆವು! ಈ ಬದಲಾವಣೆಯಿಂದ ನಮಗೆ ಸಿಕ್ಕಿದ್ದೇನು, ನಾವು ಕಳೆದುಕೊಂಡದ್ದೇನು ಎಂಬುದನ್ನು ಶಾಲೆಯ ಈ ವಾರ್ಷಿಕ ಸಂಚಿಕೆಯ ಓದುಗರೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಇದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಇದೆ.

ಮೊದಲು ಸಂಪರ್ಕದ ಮಾತು. ವಾಟ್ಸಾಪ್ ಬಂದ ಮೇಲೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಅಭ್ಯಾಸ ಬೆಳೆಯಿತು. ಯುಎಇಯಲ್ಲಿ ಆಗ ವಾಟ್ಸಾಪ್‌ನಲ್ಲಿ ಬರೆಯಬಹುದಿತ್ತು, ಚಿತ್ರ ಕಳಿಸಬಹುದಿತ್ತು, ಕರೆ ಮಾತ್ರ ಹೋಗುತ್ತಿರಲಿಲ್ಲ. ಆದ್ದರಿಂದ ಅಜ್ಜಿ ಮತ್ತು ಮಕ್ಕಳು ಧ್ವನಿ ಸಂದೇಶ ಕಳಿಸುವುದನ್ನು ರೂಢಿ ಮಾಡಿಕೊಂಡರು. ಅಜ್ಜಿಗೆ ಕನ್ನಡ ಅಕ್ಷರ ಒತ್ತಲು ಬರುವುದಿಲ್ಲ, ಮಕ್ಕಳಿಗೆ ಕನ್ನಡ ಬರೆಯುವುದು ನಿಧಾನ. ಇಬ್ಬರಿಗೂ ಬಾಯಿ ಮಾತು ಸುಲಭವಾಯಿತು. ಊರಿನ ಮಳೆಯ ಸದ್ದು, ಹಟ್ಟಿಯಲ್ಲಿ ದನದ ಕೂಗು, ಅಜ್ಜಿಯ ಕೆಮ್ಮು, ಎಲ್ಲವೂ ಆ ಸಂದೇಶದೊಳಗೆ ಬರುತ್ತಿದ್ದವು. ಕಾಗದದಲ್ಲಿ ಅಜ್ಜ ಎಂದೂ ತನ್ನ ಕಾಯಿಲೆಯ ವಿಷಯ ಬರೆದವರಲ್ಲ. ಧ್ವನಿ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಅಜ್ಜಿಗೆ ಉಸಿರಾಟದ ತೊಂದರೆ ಶುರುವಾದದ್ದು ನಮಗೆ ಮೊದಲು ಗೊತ್ತಾದದ್ದು ಹಾಗೆ ಬಂದ ಒಂದು ಸಂದೇಶದಿಂದಲೇ.

ಇನ್ನು ಕಲಿಕೆ. 2020ರ ಮಾರ್ಚ್ 22ರಂದು ಇಲ್ಲಿನ ಶಾಲೆಗಳಲ್ಲಿ ದೂರ ಕಲಿಕೆ ಆರಂಭವಾಯಿತು. ನಮ್ಮದು ಒಂದೇ ಕೋಣೆಯ ಫ್ಲ್ಯಾಟು. ಊಟದ ಮೇಜು ಮಗಳ ಹೈಸ್ಕೂಲು, ಮಂಚದ ತುದಿ ಮಗನ ಪ್ರಾಥಮಿಕ ಶಾಲೆ, ಅಡುಗೆಮನೆಯ ಕಟ್ಟೆ ನಮ್ಮ ಆಫೀಸು. ಕುಕ್ಕರ್ ಕೂಗಿದರೆ ಗಣಿತದ ಟೀಚರು, "ಯಾರ ಮನೆಯಲ್ಲಿ ಅನ್ನ ಆಯಿತು?" ಎಂದು ಕೇಳುತ್ತಿದ್ದರು. ನಗು ಬರುತ್ತಿತ್ತು, ಆದರೆ ಆ ದಿನಗಳಲ್ಲಿ ಪಾಠ ನಿಲ್ಲಲಿಲ್ಲ ಎಂಬುದನ್ನು ನೆನೆದರೆ ನಮ್ಮ ಶಿಕ್ಷಕರ ಬಗ್ಗೆ ಗೌರವ ಹೆಚ್ಚುತ್ತದೆ.

ಅದೇ ಹೊತ್ತಿಗೆ ಊರಿನಲ್ಲಿ ನಮ್ಮ ಬಂಧುಗಳ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. 2021ರ ಜೂನ್‌ನಲ್ಲಿ ನಮ್ಮ ಪಕ್ಕದ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲಾ ಬಂತು. ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಹುಡುಗಿಯೊಬ್ಬಳು ಫೋನಿನಲ್ಲಿ ಪಾಠ ಕೇಳುತ್ತಿದ್ದಾಳೆ, ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಆ ಚಿತ್ರ ನೋಡಿದ ದಿನ ನಮ್ಮ ಮಕ್ಕಳು ವೈಫೈ ನಿಧಾನ ಎಂದು ದೂರುವುದನ್ನು ಬಿಟ್ಟರು. ಒಂದು ವಾರದ ಮಟ್ಟಿಗಾದರೂ! ತಂತ್ರಜ್ಞಾನ ಎಲ್ಲರಿಗೂ ಒಂದೇ ಬಾಗಿಲು ತೆರೆಯುವುದಿಲ್ಲ ಎಂಬ ಪಾಠ ನಮಗೆ ಪುಸ್ತಕದ ಹೊರಗೆ ಸಿಕ್ಕಿತು.

ಈಗ ಯಂತ್ರವೇ ಉತ್ತರ ಹೇಳುವ ಕಾಲ. ಕಳೆದ ವರ್ಷ ಮಗಳು ಕುವೆಂಪು ಅವರ ಬಗ್ಗೆ ಪ್ರಬಂಧ ಬರೆಯಲು ಕೃತಕ ಬುದ್ಧಿಮತ್ತೆಯ ಸಹಾಯ ಕೇಳಿದಳು. ಕ್ಷಣದಲ್ಲಿ ಒಂದು ಪುಟ ಬಂತು. ಭಾಷೆ ಚೆನ್ನಾಗಿಯೇ ಇತ್ತು. ಆದರೆ ಅವರು ಹುಟ್ಟಿದ್ದು ಕುಪ್ಪಳಿಯಲ್ಲಿ ಎಂದು ಬರೆದಿತ್ತು. ಕುವೆಂಪು ಬೆಳೆದದ್ದು ಕುಪ್ಪಳಿಯಲ್ಲಿ ನಿಜ, ಆದರೆ ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ನಾವು ಹೇಳಿದಾಗ ಮಗಳು ನಂಬಲಿಲ್ಲ. ಕೊನೆಗೆ ಪುಸ್ತಕ ತೆರೆದು ತೋರಿಸಿದೆವು. "ಅಷ್ಟು ಧೈರ್ಯವಾಗಿ ಹೇಳಿತಲ್ಲಪ್ಪಾ!" ಎಂದಳು. ಧೈರ್ಯವಾಗಿ ಹೇಳಿದ್ದೆಲ್ಲ ಸತ್ಯವಲ್ಲ ಎಂದು ಅವಳಿಗೆ ಆ ದಿನ ತಿಳಿಯಿತು. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಈಗ ದೇಶ, ಕೋಶ ಎರಡೂ ಅಂಗೈಯಲ್ಲಿವೆ. ಆದರೆ ಸುತ್ತುವ, ಓದುವ ಶ್ರಮ ಇನ್ನೂ ನಮ್ಮದೇ.

ಈಗ ನಮ್ಮ ತಪ್ಪಿನ ಕಥೆ.

2022ರ ನವೆಂಬರ್. ಕನ್ನಡ ರಾಜ್ಯೋತ್ಸವದ ಕಾರ್ಯಕ್ರಮ. ಆಗ ಐದನೆಯ ತರಗತಿಯಲ್ಲಿದ್ದ ಮಗ ಮೊದಲ ಬಾರಿ ವೇದಿಕೆಯ ಮೇಲೆ ಕನ್ನಡದಲ್ಲಿ ಭಾಷಣ ಮಾಡಿದ. ಎರಡು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ಚೆನ್ನಾಗಿಯೇ ಹೇಳಿಕೊಂಡು ಹೋದವನು ಕೊನೆಯಲ್ಲಿ, "ಕನ್ನಡ ನಾಡಿನ ಹಿರಿಮೆಯನ್ನು ನಾವೆಲ್ಲರೂ ಕಾಪಾಡಬೇಕು" ಎನ್ನುವ ಬದಲು "ಕನ್ನಡ ನಾಡಿನ ಇರುವೆಯನ್ನು ನಾವೆಲ್ಲರೂ ಕಾಪಾಡಬೇಕು" ಎಂದುಬಿಟ್ಟ. ಸಭೆ ನಕ್ಕಿತು. ನಾವೂ ನಕ್ಕೆವು. ಅವನೂ ಏನೆಂದು ತಿಳಿಯದೆ ನಕ್ಕ.

ಅದನ್ನು ನಾವು ಫೋನಿನಲ್ಲಿ ಸೆರೆಹಿಡಿದಿದ್ದೆವು. ಮನೆಗೆ ಬರುವ ದಾರಿಯಲ್ಲೇ ಕುಟುಂಬದ ಗುಂಪಿಗೆ ಕಳಿಸಿದೆವು. ನಮ್ಮಿಬ್ಬರಲ್ಲಿ ಯಾರು ಕಳಿಸಿದ್ದು ಎಂಬುದು ಮುಖ್ಯವಲ್ಲ. ಕಳಿಸಬೇಡ ಎಂದು ಇನ್ನೊಬ್ಬರು ಹೇಳಲಿಲ್ಲ. ಗುಂಪಿನಲ್ಲಿ ಇದ್ದವರು ಮೂವತ್ತೇಳು ಜನ, ಎಲ್ಲರೂ ನಮ್ಮವರೇ. ದೊಡ್ಡಪ್ಪ, ಚಿಕ್ಕಮ್ಮ, ಅತ್ತೆ, ಭಾವ. ಎಲ್ಲರೂ ಪ್ರೀತಿಯಿಂದಲೇ ನಕ್ಕರು. ಪ್ರೀತಿಯಿಂದಲೇ ಯಾರೋ ಮುಂದಕ್ಕೆ ಕಳಿಸಿದರು.

ಹನ್ನೊಂದು ದಿನಗಳ ನಂತರ ಆ ವೀಡಿಯೋ ಮಗನ ಸಹಪಾಠಿಯೊಬ್ಬನ ತಾಯಿಯ ಫೋನಿಗೆ ಬಂತು. ಅಷ್ಟರಲ್ಲಿ ಅದಕ್ಕೆ "ಗಲ್ಫ್ ಕನ್ನಡ" ಎಂಬ ಹೆಸರೂ ಹಿನ್ನೆಲೆಯಲ್ಲಿ ನಗುವಿನ ಸದ್ದೂ ಸೇರಿದ್ದವು. ಮರುದಿನದಿಂದ ಶಾಲೆಯ ಬಸ್ಸಿನಲ್ಲಿ ಅವನ ಹೆಸರು "ಇರುವೆ". ಅವನು ನಮಗೆ ಹೇಳಲಿಲ್ಲ. ಅಕ್ಕನಿಗೆ ಹೇಳಿದ. ಅವಳು ನಮ್ಮನ್ನು ಕೇಳಿದ ಪ್ರಶ್ನೆ ಇಂದಿಗೂ ಕಿವಿಯಲ್ಲಿದೆ: "ನೀವು ಅವನನ್ನು ಒಂದು ಮಾತು ಕೇಳಿ ಕಳಿಸಿದ್ರಾ?"

ನಾವು ವೀಡಿಯೋ ಅಳಿಸಲು ಹೊರಟೆವು. ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯಕ್ಕೆ ಎರಡು ದಿನ ಮತ್ತು ಕೆಲವು ಗಂಟೆಗಳ ಗಡುವು ಮಾತ್ರ ಇದೆ ಎಂದು ಆಗ ತಿಳಿಯಿತು. ಗಡುವಿನೊಳಗೆ ಅಳಿಸಿದ್ದರೂ ಅಷ್ಟರಲ್ಲಿ ಮುಂದಕ್ಕೆ ಹೋದ ಪ್ರತಿಗಳನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. 2016ರಿಂದ ವಾಟ್ಸಾಪ್ ಸಂದೇಶಗಳಿಗೆ ಬೀಗ ಹಾಕುತ್ತದೆ, ಕಳಿಸಿದವರು ಮತ್ತು ಪಡೆದವರು ಬಿಟ್ಟರೆ ನಡುವೆ ಯಾರೂ ಓದಲಾರರು ಎಂದು ನಾವು ನೆಮ್ಮದಿಯಾಗಿದ್ದೆವು. ನಡುದಾರಿಯ ಕಳ್ಳನಿಗೆ ಆ ಬೀಗ ಸರಿ. ನಮ್ಮವರೇ ಬಾಗಿಲು ತೆರೆದು ಕೊಟ್ಟರೆ ಯಾವ ಬೀಗ ತಡೆದೀತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮಗ ಕನ್ನಡ ಮಾತನಾಡುವುದನ್ನೇ ನಿಲ್ಲಿಸಿದ. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ವಾರದ ಕನ್ನಡ ತರಗತಿಗೆ ಹೊಟ್ಟೆನೋವಿನ ನೆಪ. ಅಜ್ಜಿಗೆ ಧ್ವನಿ ಸಂದೇಶ ಕಳಿಸುವುದೂ ನಿಂತಿತು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ತಿಂಗಳು ಕಾದು ಅವರು ಕೇಳಿದರು: "ಅವನಿಗೆ ನನ್ನ ಮೇಲೆ ಸಿಟ್ಟುಂಟಾ?" ಆ ಪ್ರಶ್ನೆಗೆ ನಮ್ಮ ಬಳಿ ಉತ್ತರ ಇರಲಿಲ್ಲ. ಸಾವಿರಾರು ಮೈಲಿ ದೂರವನ್ನು ಅಳಿಸಿದ್ದ ಅದೇ ಯಂತ್ರ ಒಂದೇ ಮನೆಯವರ ನಡುವೆ ದೂರ ತಂದಿತ್ತು. ಇಲ್ಲ, ಯಂತ್ರವಲ್ಲ, ತಂದವರು ನಾವು.

2023ರ ಬೇಸಿಗೆ ರಜೆಯಲ್ಲಿ ಊರಿಗೆ ಹೋದೆವು. ಜಡಿಮಳೆ. ಅಷ್ಟರಲ್ಲಿ ಅಜ್ಜಿಯ ಫೋನಿನಲ್ಲಿ ಮಾತನಾಡಿದ್ದನ್ನು ಕನ್ನಡದಲ್ಲಿ ಬರೆಯುವ ಸೌಲಭ್ಯವನ್ನು ಮಾವ ಹಾಕಿಕೊಟ್ಟಿದ್ದರು. ಅಜ್ಜಿ ಫೋನು ಹಿಡಿದು, "ಹಟ್ಟಿಯಲ್ಲಿ ದನ ಉಂಟು" ಎಂದರು. ಪರದೆಯ ಮೇಲೆ "ಹತ್ತಿಯಲ್ಲಿ ಧನ ಉಂಟು" ಎಂದು ಬಂತು. ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿದ ಮಗನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿಯೂ ನಕ್ಕು, "ಇದಕ್ಕೂ ಕನ್ನಡ ಸರಿ ಬರುದಿಲ್ಲ ಮಾರಾಯ. ಆದ್ರೂ ಮಾತಾಡ್ಲಿಕ್ಕೆ ನಾಚುದಿಲ್ಲ ನೋಡು!" ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತೋ ಏನೋ, ನಾವು ಕೇಳಲಿಲ್ಲ. ಆ ಸಂಜೆ ಇಬ್ಬರೂ ಕುಳಿತು ಯಂತ್ರದ ತಪ್ಪುಗಳನ್ನು ತಿದ್ದುವ ಆಟ ಆಡಿದರು. ತಿದ್ದುವವನು ಮಗ. ಮೆಲ್ಲಗೆ ಅವನ ಬಾಯಿ ತೆರೆಯಿತು.

ಊರಿಂದ ಹೊರಡುವ ಹಿಂದಿನ ದಿನ ನಾವು ಅವನ ಬಳಿ ಕ್ಷಮೆ ಕೇಳಿದೆವು. ತಂದೆತಾಯಿ ಮಕ್ಕಳ ಬಳಿ ಕ್ಷಮೆ ಕೇಳುವುದು ನಮ್ಮಲ್ಲಿ ರೂಢಿಯಲ್ಲಿಲ್ಲ. ಆದರೂ ಕೇಳಿದೆವು. ಅವನು ಹೇಳಿದ್ದು ಇಷ್ಟೇ: "ಇನ್ನು ಮೇಲೆ ನನ್ನನ್ನು ಕೇಳಿ."

ಖಾಸಗಿತನ ಎಂದರೆ ದೊಡ್ಡವರ, ನ್ಯಾಯಾಲಯಗಳ ವಿಷಯ ಎಂದುಕೊಂಡಿದ್ದೆವು. ಭಾರತದ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಆ ಮೊಕದ್ದಮೆಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರಿಂದ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಕನ್ನಡಿಗರಾದ ನಾವು ಇದಕ್ಕೆ ಹೆಮ್ಮೆಪಡಬೇಕು. 2023ರ ಭಾರತದ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಇಲ್ಲಿ ಯುಎಇಯಲ್ಲಿಯೂ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಖಾಸಗಿ ಚಿತ್ರ ಹಂಚುವುದು ಅಪರಾಧ. ಆದರೆ ಹಂಚುವವರು ಪೋಷಕರೇ ಆದರೆ? ಅಲ್ಲಿ ನಮ್ಮ ವಿವೇಕವೇ ಕಾವಲು.

ನಮ್ಮ ಮನೆಯಲ್ಲಿ ಆದದ್ದು ಸಣ್ಣ ಗಾಯ. ಯೋಚಿಸದೆ ಮುಂದಕ್ಕೆ ಕಳಿಸುವುದರಿಂದ ಜೀವವೇ ಹೋದದ್ದೂ ಉಂಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟು ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ವದಂತಿ ನಂಬಿದ ಗುಂಪು ಹೊಡೆದು, ಒಬ್ಬ ಯುವಕ ಸತ್ತ. ಗಾಯಗೊಂಡವರಲ್ಲಿ ಕತಾರ್ ದೇಶದಿಂದ ಬಂದ ಅತಿಥಿಯೂ ಇದ್ದರು. ಅದೇ ತಿಂಗಳು ಭಾರತದಲ್ಲಿ, 2019ರಲ್ಲಿ ಜಗತ್ತಿನಾದ್ಯಂತ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ವಾಟ್ಸಾಪ್ ಮಿತಿ ಹಾಕಿತು. ಯಂತ್ರ ಐದಕ್ಕೆ ನಿಲ್ಲಿಸುತ್ತದೆ. ಒಂದಕ್ಕೇ ನಿಲ್ಲಿಸುವುದು, ಅಥವಾ ಕಳಿಸದೇ ಇರುವುದು ಮನುಷ್ಯನ ಕೆಲಸ.

ಹಿಂದೆ ಅಜ್ಜನ ಕಾಗದವೂ ಪೂರ್ತಿ ಗುಟ್ಟಾಗಿರಲಿಲ್ಲ. ನಾವು ಬರೆದ ಕಾಗದವನ್ನು ಊರಿನ ಜಗಲಿಯಲ್ಲಿ ಮನೆಯವರೆಲ್ಲ ಸೇರಿ ಓದಿಸಿಕೊಳ್ಳುತ್ತಿದ್ದರಂತೆ. ಪಕ್ಕದ ಮನೆಯವರೂ ಕೇಳುತ್ತಿದ್ದರು. ಆದರೆ ಕೇಳಿದವರ ಮುಖ ನಮಗೆ ಗೊತ್ತಿತ್ತು, ಕಾಗದ ಕೊನೆಗೆ ಅಜ್ಜನ ಪೆಟ್ಟಿಗೆಗೇ ಹೋಗುತ್ತಿತ್ತು. ಇಂದಿನ ಜಗಲಿಗೆ ಗೋಡೆಯಿಲ್ಲ, ಪೆಟ್ಟಿಗೆಗೆ ಮುಚ್ಚಳವಿಲ್ಲ.

ಈಗ ನಮ್ಮ ಮನೆಯಲ್ಲಿ ಮೂರು ನಿಯಮಗಳಿವೆ. ಯಾರ ಚಿತ್ರವಾದರೂ, ಮಗುವಿನದಾದರೂ, ಕೇಳದೆ ಕಳಿಸುವುದಿಲ್ಲ. ಬಂದ ಸುದ್ದಿಯನ್ನು ಇನ್ನೊಂದು ಕಡೆ ಪರೀಕ್ಷಿಸದೆ ಮುಂದಕ್ಕೆ ಕಳಿಸುವುದಿಲ್ಲ. ರಾತ್ರಿ ಊಟದ ಹೊತ್ತು ಫೋನು ಮೇಜಿನ ಮೇಲಿರುವುದಿಲ್ಲ. ಮೂರನೆಯದನ್ನು ಹೆಚ್ಚಾಗಿ ಮುರಿಯುವವರು ದೊಡ್ಡವರಾದ ನಾವೇ ಎಂದು ಮಕ್ಕಳು ಹೇಳುತ್ತಾರೆ. ನಿಜ.

ಪ್ರಿಯ ವಿದ್ಯಾರ್ಥಿಗಳೇ, ಗೆಳೆಯನ ತಪ್ಪು ನಿಮ್ಮ ಫೋನಿಗೆ ಬಂದರೆ ಅದು ನಿಮ್ಮಲ್ಲೇ ಕೊನೆಯಾಗಲಿ. ಪೋಷಕರೇ, ನಮ್ಮ ಮಕ್ಕಳ ಬಾಲ್ಯ ಅವರದು. ಅದನ್ನು ಯಾರಿಗೆ ತೋರಿಸಬೇಕೆಂಬ ಮಾತಿನಲ್ಲಿ ಅವರಿಗೂ ಪಾಲಿರಲಿ.

ಆ ವೀಡಿಯೋ ಇನ್ನೂ ಯಾರ ಯಾರ ಫೋನಿನಲ್ಲಿ ಇದೆಯೋ ನಮಗೆ ತಿಳಿಯದು. ಮಗ ಮಾತ್ರ ಈಗ ಪ್ರತಿ ಶನಿವಾರ ಅಜ್ಜಿಗೆ ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸುತ್ತಾನೆ. ಅದರಲ್ಲಿ ಏನು ಹೇಳುತ್ತಾನೆಂದು ನಾವು ಕೇಳುವುದಿಲ್ಲ. ಈ ಕಥೆಯನ್ನು ಸಂಚಿಕೆಗೆ ಬರೆಯುವ ಮೊದಲು ಅವನ ಒಪ್ಪಿಗೆ ಕೇಳಿದೆವು. ಓದಿ ನೋಡಿ, ಎರಡು ಕಾಗುಣಿತದ ತಪ್ಪು ತಿದ್ದಿ, "ಸರಿ, ಕಳಿಸಿ" ಎಂದ.