ಹಳೆಯ ವೀರರ ಹೊಸ ಮಕ್ಕಳು

ಕಥೆಯೊಳಗಿನ ವೀರನು ಒಮ್ಮೆಲೇ ಆಕಾಶದಿಂದ ಇಳಿದು ಬರುವದಿಲ್ಲ. ನಮಗೆ ಅಜ್ಜ-ಮುತ್ತಜ್ಜಂದಿರು ಇರುವಂತೆ ಅವನಿಗೂ ಇರುವರು. ಅವನ ಕೈಯೊಳಗಿನ ಆಯುಧ, ಅವನಿಗೆ ವಿದ್ಯೆ ಕಲಿಸಿದ ಮುದುಕ, ಕಡೆಗೆ ಅವನನ್ನು ಕಾಡುವ ಶಾಪ, ಇವೆಲ್ಲ ಬಹುಮಟ್ಟಿಗೆ ಹಿಂದಿನ ಯಾವನೋ ವೀರನಿಂದ ಬಂದ ಆಸ್ತಿಗಳು. ಆಸ್ತಿಯ ಬೆನ್ನಿಗೆ ಸಾಲವೂ ಬರುವದೆಂಬದನ್ನು ಹೊಲಮನೆಯುಳ್ಳ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಹಳೆಯ ವೀರರಿಂದ ಹೊಸಬರಿಗೆ ಏನು ಆಸ್ತಿ ಬಂದಿತು, ಏನು ಸಾಲ ಬಂದಿತು ಎಂಬದನ್ನು ನಮ್ಮ ಸೀಮೆಯ ಕಥೆಗಳಿಂದಲೇ ವಿಚಾರಿಸೋಣ.

ಬೈಲಹೊಂಗಲದ ಕಡೆಯವರಾದ ನಮಗೆ ಸವದತ್ತಿಯ ಎಲ್ಲಮ್ಮನ ಗುಡ್ಡವು ದೂರದ್ದಲ್ಲ. ಭಾರತ ಹುಣ್ಣಿವೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದಲ್ಲಿ ನಾವು ಬಾಲಕರು. ದಾರಿಯುದ್ದಕ್ಕೂ ಹಿರಿಯರು ಜಮದಗ್ನಿ, ರೇಣುಕೆ, ಪರಶುರಾಮರ ಕಥೆ ಹೇಳುವರು. ಭಕ್ತರಿಗೆ ಅವರು ದೈವಗಳು. ಆ ಭಾವಕ್ಕೆ ನಾವು ಎಳ್ಳಷ್ಟೂ ಭಂಗ ತರಲೊಲ್ಲೆವು. ಆದರೆ ಚಕ್ಕಡಿಯಲ್ಲಿ ಕುಳಿತು ಕಿವಿಗೊಡುವ ಬಾಲಕನಿಗೆ ಪರಶುರಾಮನು ಮೊದಲು ಕೊಡಲಿ ಹಿಡಿದ ಕಥಾನಾಯಕನು.

ಈ ನಾಯಕನಲ್ಲಿ ಒಂದು ವಿಶೇಷವುಂಟು. ಉಳಿದವರು ತಮ್ಮ ಕಥೆ ಮುಗಿದೊಡನೆ ಸರಿದು ಹೋಗುವರು; ಇವನು ಚಿರಂಜೀವಿಯಾದ್ದರಿಂದ ಬೇರೆಯವರ ಕಥೆಗಳಲ್ಲಿ ಮತ್ತೆ ಮತ್ತೆ ಬರುವನು. ಸೀತೆಯನ್ನು ವರಿಸಿ ಅಯೋಧ್ಯೆಗೆ ಹೊರಟ ಶ್ರೀರಾಮನನ್ನು ದಾರಿಯಲ್ಲಿ ತಡೆದು, ವಿಷ್ಣುವಿನ ಬಿಲ್ಲನ್ನು ಏರಿಸೆಂದು ಸವಾಲು ಹಾಕುವನು. ರಾಮನು ಏರಿಸುವನು, ಹಿರಿಯನ ತೇಜಸ್ಸು ಅಲ್ಲಿಗೆ ಕುಂದುವದು. ಬಿಲ್ಲು ಕೈ ಬದಲಾಯಿಸಿತು, ಅದರೊಡನೆ ಕಥೆಯೂ ಕೈ ಬದಲಾಯಿಸಿತು. ಮಹಾಭಾರತದಲ್ಲಿಯಂತೂ ಅವನು ಗುರುವೇ ಆಗಿರುವನು. ಭೀಷ್ಮನು ಅವನ ಶಿಷ್ಯ. ದ್ರೋಣನು ಅವನ ಅಸ್ತ್ರಗಳನ್ನು ದಾನವಾಗಿ ಪಡೆದವನು. ಕರ್ಣನು ಸುಳ್ಳು ಹೇಳಿ ವಿದ್ಯೆ ಕಲಿತು, ಬೇಕಾದ ಹೊತ್ತಿಗೆ ಅದು ಮರೆತುಹೋಗಲೆಂಬ ಶಾಪವನ್ನು ಹೊತ್ತವನು. ಒಬ್ಬನೇ ಗುರುವಿನಿಂದ ಅಸ್ತ್ರವೂ ಬಂದಿತು, ಶಾಪವೂ ಬಂದಿತು.

ಪಡುವಣ ದೇಶಗಳಲ್ಲಿಯೂ ಇದೇ ರೀತಿ. ಉತ್ತರ ಯುರೋಪಿನ ಹಳೆಯ ಕಥೆಯಲ್ಲಿ ಸಿಗ್ಮುಂಡನ ಮುರಿದ ಖಡ್ಗವನ್ನು ಮತ್ತೆ ಬೆಸೆದು ಮಗ ಸಿಗುರ್ಡನಿಗೆ ಕೊಡುವರು. 1954-55ರಲ್ಲಿ ಟೋಲ್ಕೀನರು ಪ್ರಕಟಿಸಿದ ಉಂಗುರದ ಮಹಾಕಥೆಯಲ್ಲಿಯೂ ಪೂರ್ವಜರ ಮುರಿದ ಖಡ್ಗವೊಂದು ಬೆಸುಗೆಗೊಂಡು ಅರಗಾರ್ನನೆಂಬ ಅರಸನ ಕೈಗೆ ಬರುವದು. ಟೋಲ್ಕೀನರು ಆ ಪ್ರಾಚೀನ ಸಾಹಿತ್ಯದ ಪಂಡಿತರು. ತಮ್ಮ ಕುಳ್ಳರ ಹೆಸರುಗಳನ್ನು ಸಹ ಅಲ್ಲಿಂದಲೇ ತಂದುಕೊಂಡವರು.

ನಮ್ಮ ಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 941ರ ಪಂಪನು ತನ್ನ ಅರಸ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಿದನು. ರಾಮದುರ್ಗದ ಬಡಗಣಕ್ಕಿರುವ ಮುಧೋಳದ ರನ್ನನು ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿದನು. ಬದುಕಿರುವ ಅರಸನಿಗೆ ಕಥೆಯ ವೀರನ ಅಂಗಿ ತೊಡಿಸಿದಂತಾಯಿತು.

ಅರಸರಿಗಷ್ಟೇ ಅಲ್ಲ, ಜನರ ಮೆಚ್ಚಿಕೆಯ ಬಂಟನಿಗೂ ಈ ಅಂಗಿ ದೊರೆಯುವದು. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣನು ಕಿತ್ತೂರಿಗಾಗಿ ಕಾದಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ನಿಜವಾದ ಮನುಷ್ಯ. ಆದರೆ ಜನರು ಹೇಳುವ ಕಥೆಯಲ್ಲಿ ಅವನು ಹಳ್ಳದಲ್ಲಿ ಮೀಯುವಾಗ, ಖಡ್ಗವು ಕೈಯಲ್ಲಿಲ್ಲದ ಹೊತ್ತು ನೋಡಿ, ನಂಬಿದವರೇ ಹಿಡಿದುಕೊಟ್ಟರು. ರಥದ ಗಾಲಿ ಹೂತು, ಅಸ್ತ್ರ ಮರೆತು ನಿಂತ ಕರ್ಣನ ಕಥೆಯಲ್ಲಿ ಕಣ್ಣೀರು ಸುರಿಸಿದ ಕಿವಿಗಳೇ ಈ ಕಥೆಯನ್ನೂ ಕೇಳಿದವು. ಆದುದರಿಂದಲೇ ಅದು ಅಷ್ಟು ಆಳಕ್ಕೆ ಇಳಿಯಿತು. ಇಂದಿಗೂ ನಂದಗಡದ ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ತೊಟ್ಟಿಲು ಕಟ್ಟುವರು.

ಇದು ಆಸ್ತಿಯ ಮಾತಾಯಿತು. ಇನ್ನು ಸಾಲದ ಮಾತು. ಪರಶುರಾಮನು ತಂದೆಯ ಅಪ್ಪಣೆಯಿಂದ ತಾಯಿಯ ತಲೆಯನ್ನು ಕಡಿದನು. ತಂದೆಯು ಮೆಚ್ಚಿ ವರ ಕೊಟ್ಟಾಗ ತಾಯಿಯ ಪ್ರಾಣವನ್ನೇ ಬೇಡಿದನು. ತಂದೆಯ ಮಾತು ನಡೆಸುವ ಈ ವ್ರತವು ಮುಂದಿನ ವೀರರಿಗೂ ಬಂದಿತು. ಭೀಷ್ಮನು ತಂದೆಗಾಗಿ ತನ್ನ ಸಂಸಾರಸುಖವನ್ನು ಬಿಟ್ಟನು. ರಾಮನು ತಂದೆಯ ಮಾತಿಗಾಗಿ ತಾನೇ ಅಡವಿಗೆ ನಡೆದನು. ಆ ಅಡವಿಯ ದಾರಿಯಲ್ಲಿಯೇ ಶಬರಿಯ ಹಣ್ಣು ತಿಂದನೆಂದು ರಾಮದುರ್ಗ ತಾಲೂಕಿನ ಸುರೇಬಾನದ ಶಬರಿಕೊಳ್ಳವನ್ನು ಇಂದೂ ತೋರಿಸುವರು. ವ್ರತವು ಒಂದೇ, ಆದರೆ ಮೊದಲಿನವನ ಕಥೆಯಲ್ಲಿ ಅದರ ಬೆಲೆಯನ್ನು ತಾಯಿ ತೆತ್ತಳು, ಮುಂದಿನವರು ತಾವೇ ತೆತ್ತರು. ಹೊಸ ವೀರನ ಹೊಸತನವೆಂದರೆ ಇದೇ ಎಂದು ನಮಗೆ ತೋರುವದು. ಸಾಲವು ಅಲ್ಲಿಗೂ ಪೂರ್ಣವಾಗಿ ತೀರಲಿಲ್ಲವೆಂಬದು ಸೀತೆಯ ಕಥೆ ಬಲ್ಲವರಿಗೆ ಗೊತ್ತೇ ಇದೆ.

ಹೋದ ವರ್ಷ ನಮ್ಮ ಮೊಮ್ಮಗಳಿಗೆ ಈ ಕಥೆಯನ್ನು ಹಿರಿಯರು ಹೇಳಿದಂತೆಯೇ ಹೇಳಿದೆವು. ಬೇರೆ ಮಕ್ಕಳಾದರೆ ಕೊಡಲಿ ಎಷ್ಟು ದೊಡ್ಡದಿತ್ತೆಂದು ಕೇಳುವರು. ಅವಳು, "ಅಜ್ಜಾ, ಎದ್ದ ಮ್ಯಾಲೆ ಆ ತಾಯಿ ಮಗಗ ಏನಂದ್ಲು?" ಎಂದು ಕೇಳಿದಳು. ಚಕ್ಕಡಿಯಲ್ಲಿ ನಾವು ಕೇಳಿದ ಕಥೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಬಿಡದೆ, "ನನ್ನ ಕಥಿಯೊಳಗ ಆಕೀ ಮಾತಾಡ್ತಾಳ" ಎಂದು ಪಾಟಿ ತೆಗೆದುಕೊಂಡು ಕುಳಿತಳು. ಅವಳ ತಾಯಿ ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

ನಾವು ಬಹಳ ಹೊತ್ತು ವಿಚಾರ ಮಾಡಿದೆವು. ಸವದತ್ತಿಯ ಗುಡ್ಡದ ಮೇಲೆ ಪರಶುರಾಮನಿಗೂ ಗುಡಿಯುಂಟು. ಆದರೆ ಲಕ್ಷಾಂತರ ಜನರು "ಉಧೋ ಉಧೋ" ಎಂದು ಕೂಗುವದು ತಾಯಿಯನ್ನು. ಕಥೆಯು ಮಗನನ್ನು ವೀರನೆಂದಿತು. ಜನರು ಗುಡ್ಡವನ್ನು ತಾಯಿಗೆ ಕೊಟ್ಟರು. ಮೊಮ್ಮಗಳ ಪ್ರಶ್ನೆಯು ಹೊಸದಲ್ಲ, ಬಹು ಹಳೆಯದೆಂದು ಆಗ ಹೊಳೆಯಿತು. ಕತ್ತಿ ಹಿಡಿದು ಕುದುರೆಯೇರಿದ ಹೆಣ್ಣನ್ನು ನಮ್ಮ ಹುಡುಗಿಯರು ಬೇರೆ ದೇಶದ ಪುಸ್ತಕಗಳಲ್ಲಿ ಹುಡುಕಬೇಕಾಗಿಯೂ ಇಲ್ಲ. 1824ರಲ್ಲಿ ಕುಂಪಣಿಯ ದಂಡನ್ನು ಎದುರಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣಬಿಟ್ಟ ಕಿತ್ತೂರ ಚೆನ್ನಮ್ಮನು ಅವರ ಕಲ್ಪನೆಯ ನಾಯಕಿಯರಿಗೆ ಅಜ್ಜಿಯಾಗಿ ಕುಳಿತಿರುವಳು.

ಮನೆಯಲ್ಲಿ ಕಥೆ ಹೇಳುವ ತಾಯಂದಿರಿಗೂ ಅಜ್ಜ-ಅಜ್ಜಿಯರಿಗೂ ನಮ್ಮ ವಿನಂತಿ ಇಷ್ಟೇ. ಹಳೆಯ ವೀರರ ಕಥೆಗಳನ್ನು ತಪ್ಪದೆ ಹೇಳಿರಿ. ಆ ಬಿಲ್ಲನ್ನು ಮುಟ್ಟದ ಮಗುವು ಹೊಸ ಬಿಲ್ಲನ್ನು ಮಾಡಲಾರದು. ಆದರೆ ಕಥೆ ಮುಗಿದೊಡನೆ ದೀಪ ಆರಿಸಲು ಅವಸರಪಡಬೇಡಿರಿ. ಮಗುವು ಕೇಳುವ ಒಂದು ಪ್ರಶ್ನೆಗೆ ಎಡೆಯಿರಲಿ. ಮುಂದಿನ ವೀರರು ಹುಟ್ಟುವದು ಅಲ್ಲಿಯೇ.